ನಮ್ಮ ಗಾಡಿಗೆ ಚಳಿಗಾಲದ ಚಪ್ಪಲಿ

ಮಿನೆಸೋಟಾದಲ್ಲಿ ಅಕ್ಟೋಬರ್ ಬಂತು ಅಂದ್ರೆ ನಮ್ಮವರು ನಾಲ್ಕು ಜನ ಸೇರಿದ ಕಡೆಯೆಲ್ಲ ಎರಡೇ ಮಾತು. ಡಿಸೆಂಬರ್‌ಗೆ ಊರಿನ ಟಿಕೆಟ್ ಎಷ್ಟಾಯ್ತು ಅನ್ನೋದು ಒಂದು, ಈ ಸಲ ಹಿಮ ಯಾವಾಗ ಬೀಳುತ್ತೆ ಅನ್ನೋದು ಇನ್ನೊಂದು. ಮೂರನೇ ಮಾತೂ ಒಂದಿದೆ, ಊಟ ಮುಗಿದ ಮೇಲೆ ಗರಾಜಿನ ಹತ್ತಿರ ನಿಂತು ಆಡುವಂಥದ್ದು: "ಟೈರ್ ಬದಲಾಯಿಸ್ತೀರೋ, ಇಲ್ಲ ಹಾಗೇ ಓಡಿಸ್ತೀರೋ?" ಈ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಹದಿನೈದು ವರ್ಷದಿಂದ ಇಲ್ಲೇ ಇದ್ದೀನಿ, ಆಲ್-ಸೀಸನ್‌ನಲ್ಲೇ ಓಡಿಸಿದೀನಿ, ಏನೂ ಆಗಿಲ್ಲ ಅನ್ನೋರು ಒಂದು ಪಂಗಡ. ವಿಂಟರ್ ಟೈರ್ ಇಲ್ಲದೆ ನವೆಂಬರ್ ನಂತರ ಗರಾಜಿನಿಂದ ಗಾಡಿ ಹೊರಗೆ ತೆಗೆಯೋದೇ ಇಲ್ಲ ಅನ್ನೋರು ಇನ್ನೊಂದು ಪಂಗಡ. ಎಷ್ಟೋ ವರ್ಷ ನಾನು ಯಾವ ಪಂಗಡಕ್ಕೂ ಸೇರದೆ ಕಾಫಿ ಕುಡೀತಾ ಕೇಳಿಸಿಕೊಳ್ತಿದ್ದೆ. ನನ್ನ ಕೆಲಸ ಮನೆಯಿಂದಲೇ, ಹಿಮ ಬಿದ್ದ ದಿನ ಗಾಡಿ ಹೊರಗೆ ತೆಗೆಯುವ ಅಗತ್ಯವೇ ಬರ್ತಿರಲಿಲ್ಲ.

ಎರಡು ಸಂಗತಿಗಳು ಒಟ್ಟೊಟ್ಟಿಗೆ ಆಗಿ ಲೆಕ್ಕ ಬದಲಾಯ್ತು. ಒಂದು, ಬೇಸಿಗೆಯಲ್ಲಿ ನಾನೊಂದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಎಕ್ಸ್3 ಎಂ40ಐ ಕೊಂಡೆ. 2021ರ ಮಾಡೆಲ್, ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, 382 ಹಾರ್ಸ್ ಪವರ್. ನೋಡೋಕೆ ಮಕ್ಕಳನ್ನ ಸ್ಕೂಲಿಗೆ ಬಿಡೋ ಗಾಡಿ, ಕಾಲು ಒತ್ತಿದರೆ ಬೇರೆಯೇ ಪ್ರಾಣಿ. ಎರಡನೆಯದು, ನಮ್ಮ ಮನೆಯವಳು ಕೆಲಸ ಬದಲಾಯಿಸಿದಳು. ಅವಳು ನರ್ಸ್. ಹೊಸ ಆಸ್ಪತ್ರೆ ಸೇಂಟ್ ಕ್ಲೌಡ್‌ನಲ್ಲಿ, ನಾವಿರೋದು ಮೇಪಲ್ ಗ್ರೋವ್‌ನಲ್ಲಿ. ಐ-94 ಹಿಡಿದರೆ ಒಂದು ದಾರಿಗೆ ಸುಮಾರು ಎಂಬತ್ತು ಕಿಲೋಮೀಟರ್. ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳಕ್ಕೆ ಶಿಫ್ಟ್. ಅಂದ್ರೆ ಐದೂವರೆಗೆಲ್ಲ ಮನೆ ಬಿಡಬೇಕು. ಜನವರಿಯ ಬೆಳಗಿನ ಐದೂವರೆ ಇಲ್ಲಿ ಹೇಗಿರುತ್ತೆ ಅಂತ ಇಲ್ಲಿದ್ದವರಿಗೆ ಗೊತ್ತು. ಕತ್ತಲೆ, ಮೈನಸ್ ಇಪ್ಪತ್ತು, ಪಕ್ಕದ ಹೊಲಗಳಿಂದ ರಸ್ತೆಗೆ ಅಡ್ಡಲಾಗಿ ಹಾವಿನ ಹಾಗೆ ಹರಿದು ಬರುವ ಹಿಮದ ಪುಡಿ...

ಎರಡು ಗಾಡಿಗಳಲ್ಲಿ ಆ ದಾರಿಗೆ ಯಾವುದು ಅಂತ ಯೋಚಿಸಿದಾಗ, ನಾಲ್ಕೂ ಚಕ್ರಕ್ಕೆ ಎಳೆತ ಇರುವ ಎಕ್ಸ್3 ಅವಳದಾಯ್ತು. ನನ್ನ ಆಟದ ಸಾಮಾನು ಮೂರೇ ತಿಂಗಳಿಗೆ ಕೈ ಬಿಟ್ಟು ಹೋಯ್ತು ಅಂತ ಸ್ವಲ್ಪ ಬೇಜಾರು ಆಯ್ತು, ಇಲ್ಲ ಅನ್ನಲ್ಲ :-)

*

ಗಾಡಿ ಬಂದಿದ್ದು 20 ಇಂಚಿನ ಚಕ್ರದ ಮೇಲೆ, ಸಮ್ಮರ್ ಟೈರ್ ಸಮೇತ. ಬೇಸಿಗೆ ಟೈರ್ ಅಂದ ತಕ್ಷಣ ನಮ್ಮ ಊರಿನವರಿಗೆ ನಗು ಬರಬಹುದು. ಟೈರಿನಲ್ಲೂ ಬೇಸಿಗೆ, ಮಳೆಗಾಲ ಅಂತ ಇರುತ್ತಾ? ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ಅವರದೂ ಅದೇ ಪ್ರಶ್ನೆ. ಅಪ್ಪ ತಿಪಟೂರಿನಿಂದ ಮಂಗಳೂರಿಗೆ ಕೊಬ್ಬರಿ ಲೋಡು ಹೊಡೆದವರು, ಶಿರಾಡಿ ಘಾಟಿ ಅವರಿಗೆ ಅಂಗೈ ಗೆರೆ. "ಟೈರು ಹೊಸದಾಗೇ ಇದೆ ಅಂತೀಯ, ಗುಂಡಿ ಆಳ ಇದೆ ಅಂತೀಯ, ಮತ್ತೆ ಯಾಕೋ ತೆಗೀತೀಯ? ದುಡ್ಡು ಜಾಸ್ತಿ ಆಗಿದ್ಯಾ?" ಅಂದ್ರು. ರೀಸೋಲ್ ಹಾಕಿಸಿ ಹಾಕಿಸಿ ಒಂದು ಟೈರನ್ನ ಮೂರು ಜನ್ಮ ಓಡಿಸಿದ ಮನುಷ್ಯ, ಅವರು ಕೇಳೋದರಲ್ಲಿ ತಪ್ಪಿಲ್ಲ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ರಬ್ಬರು ಚಳಿಗೆ ಗಟ್ಟಿಯಾಗುತ್ತೆ, ಫ್ರಿಜ್‌ನಲ್ಲಿಟ್ಟ ತುಪ್ಪದ ಹಾಗೆ. ಬಿಸಿ ರಸ್ತೆಯಲ್ಲಿ ಚೆನ್ನಾಗಿ ಅಂಟಿಕೊಳ್ಳಲಿ ಅಂತಲೇ ಮಾಡಿದ ಸಮ್ಮರ್ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದ ಹಾಗೆ ಹಿಡಿತ ಕಳ್ಕೊಳ್ಳೋಕೆ ಶುರುಮಾಡುತ್ತೆ. ಹಿಮ ಇಲ್ಲದಿದ್ದರೂ, ರಸ್ತೆ ಒಣಗಿದ್ದರೂ ಇಷ್ಟೇ. ಇನ್ನೂ ಕೆಳಗೆ, ಮೈನಸ್ 7ರ ಆಸುಪಾಸಿಗೆ ಬಂದರೆ ಕೆಲವು ಸಮ್ಮರ್ ಟೈರುಗಳ ರಬ್ಬರು ಬಿರುಕು ಬಿಡಬಹುದು, ಆ ಚಳಿಯಲ್ಲಿ ಓಡಿಸೋದಿರಲಿ, ಗಾಡಿ ಅಲುಗಾಡಿಸಲೂ ಬೇಡಿ ಅಂತ ಟೈರ್ ಕಂಪನಿಗಳೇ ಎಚ್ಚರಿಸುತ್ತವೆ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 28 ಡಿಗ್ರಿ ಫ್ಯಾರನ್‌ಹೀಟ್ ಇತ್ತು, ಅಂದ್ರೆ ಸುಮಾರು ಮೈನಸ್ 33 ಸೆಲ್ಸಿಯಸ್. ಅಂಥ ದಿನ ಆ ಟೈರು ರಬ್ಬರಲ್ಲ, ಮರ.

"ನಾಲ್ಕೂ ಚಕ್ರ ಎಳೆಯುತ್ತಲ್ಲ, ಇನ್ನೇನು ಭಯ?" ಅನ್ನೋದು ಎರಡನೇ ಪ್ರಶ್ನೆ. ಇದನ್ನ ಇಲ್ಲಿ ಎಲ್ಲರೂ ಕೇಳ್ತಾರೆ. ಆಲ್-ವೀಲ್ ಡ್ರೈವ್ ಗಾಡಿಯನ್ನ ಹೊರಡಿಸುತ್ತೆ. ನಿಲ್ಲಿಸೋ ಕೆಲಸಕ್ಕೆ ಅದರ ಸಹಾಯ ಇಲ್ಲ. ಬ್ರೇಕು ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಕ್ಕೇ ಇರೋದು. ಎರಡು ಟನ್ನಿನ ಗಾಡಿ, ಮೇಲೆ ಅಷ್ಟೊಂದು ಶಕ್ತಿ. ಹಿಮದಲ್ಲೂ ಸರಾಗವಾಗಿ ಸ್ಪೀಡು ಹಿಡಿಯುತ್ತೆ, ಆಮೇಲೆ ತಿರುವು ಬಂದಾಗ, ಮುಂದಿನ ಟ್ರಕ್ಕಿನ ಕೆಂಪು ದೀಪ ಹತ್ತಿದಾಗ, ನಿಮ್ಮನ್ನ ನೆಲಕ್ಕೆ ಹಿಡಿದಿರೋದು ನಾಲ್ಕು ಅಂಗೈಯಷ್ಟು ಅಗಲದ ರಬ್ಬರು ಮಾತ್ರ. ಇದನ್ನೆಲ್ಲ ಕೇಳಿ ಅಪ್ಪ ಒಂದು ನಿಮಿಷ ಸುಮ್ಮನಿದ್ದು ಹೇಳಿದ್ರು: "ಸರಿ ಕಣೋ. ಗಾಡಿ ಓಡೋದು ಎಂಜಿನ್ನಿಂದ, ನಿಲ್ಲೋದು ಟೈರಿಂದ. ಘಾಟಿ ಇಳಿಯುವಾಗ ನಮಗೂ ಅದೇ ಇತ್ತು. ಹಾಕ್ಸು."

ಅಪ್ಪನ ಒಪ್ಪಿಗೆ ಸಿಕ್ಕಿತು. ಇನ್ನು ಯಾವ ಟೈರು, ಯಾವ ಚಕ್ರ ಅನ್ನೋದು ಬಾಕಿ.

*

ಮೊದಲು ಟೈರಿನ ಪಕ್ಕದಲ್ಲಿ ಇರೋ ಗುರುತುಗಳ ವಿಷಯ. 'ಎಂ+ಎಸ್' ಅಂತ ಬರೆದಿರುತ್ತೆ, ಮಡ್ಡು ಮತ್ತು ಸ್ನೋ. ಇದು ಟೈರಿನ ಮೇಲಿನ ಕೊರೆತದ ವಿನ್ಯಾಸ ನೋಡಿ ಕೊಡೋ ಹೆಸರು, ಹಿಮದಲ್ಲಿ ಓಡಿಸಿ ನೋಡಿದ ಪರೀಕ್ಷೆಯ ಫಲ ಅಲ್ಲ. ನೋಡಬೇಕಾದ ಗುರುತು ಬೇರೆ: ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹೂವು. ಹಿಮದ ಮೇಲೆ ಪರೀಕ್ಷೆ ಮಾಡಿ, ಒಂದು ಮಾದರಿ ಟೈರಿಗಿಂತ ಇಂತಿಷ್ಟು ಹೆಚ್ಚು ಎಳೆತ ಇದೆ ಅಂತ ತೋರಿಸಿದರೆ ಮಾತ್ರ ಆ ಬೆಟ್ಟ ಸಿಗುತ್ತೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ವಿಂಟರ್ ಟೈರು ಕಡ್ಡಾಯ. ಜರ್ಮನಿಯಲ್ಲೂ ಹಿಮ, ಮಂಜುಗಡ್ಡೆ ಇರುವ ರಸ್ತೆಗೆ ಇಳಿಯಬೇಕಾದರೆ 2024ರ ಅಕ್ಟೋಬರ್‌ನಿಂದ ಈ ಬೆಟ್ಟದ ಗುರುತು ಇರಲೇಬೇಕು, ಬರೀ ಎಂ+ಎಸ್ ನಡೆಯೋದಿಲ್ಲ. ನಮ್ಮ ಮಿನೆಸೋಟಾದಲ್ಲಿ ಅಂಥ ಕಾನೂನೇನೂ ಇಲ್ಲ. ನಿಮ್ಮ ಹಣೆಬರಹ, ನಿಮ್ಮ ಟೈರು.

ಇನ್ನು ಬೆಟ್ಟದ ಗುರುತು ಇರುವ ಟೈರುಗಳಲ್ಲೂ ಎರಡು ಜಾತಿ. ಒಂದು 'ಪರ್ಫಾರ್ಮೆನ್ಸ್ ವಿಂಟರ್'. ಜರ್ಮನಿಯಂಥ ಕಡೆಗೆ ಹೇಳಿ ಮಾಡಿಸಿದ್ದು, ಅಲ್ಲಿ ಹೆಚ್ಚು ದಿನ ರಸ್ತೆ ಒದ್ದೆ ಇಲ್ಲವೇ ಒಣಕಲು, ವೇಗ ಜಾಸ್ತಿ, ಮಧ್ಯೆ ಮಧ್ಯೆ ಹಿಮ. ಮಿಷೆಲಿನ್ ಪೈಲಟ್ ಆಲ್ಪಿನ್, ಪಿರೆಲ್ಲಿ ಸ್ಕಾರ್ಪಿಯನ್ ವಿಂಟರ್ ಎಲ್ಲ ಈ ಸಾಲಿನವು. ಸ್ಟೀರಿಂಗು ತಿರುಗಿಸಿದ ತಕ್ಷಣ ಗಾಡಿ ತಿರುಗುತ್ತೆ, ಎಂ40ಐ ಅಂಥ ಗಾಡಿಯ ಗುಣ ಉಳಿಯುತ್ತೆ. ಇನ್ನೊಂದು ಜಾತಿ ಮಂಜುಗಡ್ಡೆಗೆ ಅಂತಲೇ ಮಾಡಿದ, ಮೊಳೆ ಇಲ್ಲದ ಟೈರು. ರಬ್ಬರು ಇನ್ನೂ ಮೆತ್ತಗೆ, ಮೇಲ್ಮೈ ತುಂಬ ಬ್ಲೇಡಿನಲ್ಲಿ ಕೊಯ್ದ ಹಾಗೆ ಸಾವಿರಾರು ಸಣ್ಣ ಸೀಳುಗಳು. ಐಸಿನ ಮೇಲಿನ ತೆಳ್ಳನೆಯ ನೀರಿನ ಪದರವನ್ನ ಆ ಸೀಳುಗಳು ಒರೆಸಿ ಹೀರ್ಕೊಳ್ತವೆ. ಒಣ ರಸ್ತೆಯಲ್ಲಿ ಮಾತ್ರ ಗಾಡಿ ಸ್ವಲ್ಪ ಹಾಸಿಗೆಯ ಮೇಲೆ ನಡೆದ ಹಾಗೆ ಇರುತ್ತೆ.

ಈ ಎರಡನೇ ಜಾತಿಯ ಹಿಂದೆ ಒಂದು ಒಳ್ಳೆ ಕಥೆ ಇದೆ. ಫಿನ್ಲೆಂಡಿನ ನೋಕಿಯಾ ಊರಿನವರು 1934ರಲ್ಲೇ ಹಿಮಕ್ಕೆಂದು ಲಾರಿ ಟೈರು ಮಾಡಿದ್ರು. 1936ರಲ್ಲಿ ಕಾರಿಗೆ ಮಾಡಿದಾಗ ಅದಕ್ಕೆ ಹಕ್ಕಪೆಲಿಟ್ಟ ಅಂತ ಹೆಸರಿಟ್ಟರು, ಅದು ಹದಿನೇಳನೇ ಶತಮಾನದ ಫಿನ್ನಿಶ್ ಕುದುರೆ ಸವಾರರ ಹೆಸರು. ಆಮೇಲೆ ಮೊಳೆ ಟೈರುಗಳ ಕಾಲ ಬಂತು. ಜಪಾನಿನಲ್ಲಿ ಚಳಿಗಾಲದಲ್ಲಿ ಎಲ್ಲರೂ ಮೊಳೆ ಹಾಕ್ಕೊಂಡು ಓಡಾಡಿ, ಮೊಳೆಗಳು ರಸ್ತೆ ಕೆತ್ತಿ ಕೆತ್ತಿ, ಸಪ್ಪೊರೋ, ಸೆಂಡಾಯ್ ಊರುಗಳ ತುಂಬ ಡಾಂಬರಿನ ಧೂಳು. ಆ ಗಲಾಟೆಯ ನಡುವೆ 1988ರಲ್ಲಿ ಬ್ರಿಜ್‌ಸ್ಟೋನ್‌ನವರು ಬ್ಲಿಜಾಕ್ ಅಂತ ಮೊಳೆ ಇಲ್ಲದ ಟೈರು ತಂದರು. 1990ರಲ್ಲಿ ಜಪಾನ್ ಸರ್ಕಾರ ಮೊಳೆ ಟೈರಿನ ವಿರುದ್ಧ ಕಾನೂನನ್ನೇ ಮಾಡಿತು. ಇಲ್ಲಿ ಮಿನೆಸೋಟಾದ ನಿವಾಸಿಗಳೂ ಮೊಳೆ ಟೈರು ಹಾಕೋ ಹಾಗಿಲ್ಲ, ಕಾರಣ ಅದೇ, ರಸ್ತೆ ಕೆತ್ತಿ ಹೋಗುತ್ತೆ. ಒಂದು ದೇಶದ ಧೂಳಿನ ಸಮಸ್ಯೆಗೆ ಹುಟ್ಟಿದ ಉತ್ತರ ಇನ್ನೊಂದು ದೇಶದಲ್ಲಿ ನಮ್ಮ ಮನೆಯವಳನ್ನ ಡ್ಯೂಟಿಗೆ ತಲುಪಿಸುತ್ತೆ ಅಂದ್ರೆ ನೋಡಿ.

ಯಾವ ಜಾತಿ ಅನ್ನೋದನ್ನ ತೀರ್ಮಾನ ಮಾಡಿದ್ದು ಗಾಡಿಯಲ್ಲ, ದಾರಿ. ನನಗೇ ಆದರೆ ಪರ್ಫಾರ್ಮೆನ್ಸ್ ವಿಂಟರ್ ಅಂತಿದ್ದೆನೇನೋ. ಆದರೆ ಐ-94ರಲ್ಲಿ ಬೆಳಗಿನ ಜಾವದ ತೊಂದರೆ ಹಿಮಕ್ಕಿಂತ ಐಸು. ಇಲ್ಲಿ ರಸ್ತೆಗೆ ಹಾಕೋ ಉಪ್ಪು ಮೈನಸ್ 9, 10 ಸೆಲ್ಸಿಯಸ್‌ಗಿಂತ ಕೆಳಗೆ ಸರಿಯಾಗಿ ಕೆಲಸ ಮಾಡೋದಿಲ್ಲ. ಅದಕ್ಕಿಂತ ಚಳಿ ಇದ್ದಾಗ ಗಾಡಿಗಳ ಹೊಗೆಯಲ್ಲಿರೋ ನೀರಾವಿಯೇ ರಸ್ತೆ ಮೇಲೆ ಬಿದ್ದು ಹೆಪ್ಪುಗಟ್ಟಿ, ಕಣ್ಣಿಗೆ ಕಾಣದ ಕಪ್ಪು ಐಸಾಗುತ್ತೆ. ಆ ದಾರಿಯಲ್ಲಿ ವೇಗದ ಮಿತಿ ಗಂಟೆಗೆ 70 ಮೈಲಿ, ಗಂಟೆಗೆ 210 ಕಿಲೋಮೀಟರ್ ತಡೆಯೋ ಟೈರು ತಗೊಂಡು ಏನು ಮಾಡೋದು? ಐಸಿನ ಟೈರೇ ಸರಿ ಅಂತಾಯ್ತು. ಬ್ಲಿಜಾಕ್, ಹಕ್ಕಪೆಲಿಟ್ಟ, ಕಾಂಟಿನೆಂಟಲ್ ವೈಕಿಂಗ್‌ಕಾಂಟ್ಯಾಕ್ಟ್ ಎಲ್ಲ ಒಳ್ಳೆಯವೇ. ನಾನು ಮಿಷೆಲಿನ್ ಎಕ್ಸ್-ಐಸ್ ಸ್ನೋಗೆ ಹೋಗಿದ್ದು ಒಂದೇ ಕಾರಣಕ್ಕೆ: 40,000 ಮೈಲಿಯ ವಾರಂಟಿ ಇದೆ, ಅವಳ ಓಡಾಟ ಜಾಸ್ತಿ.

*

ಈಗ ಅಳತೆಯ ಲೆಕ್ಕ. ಇದು ನನಗೆ ಬಹಳ ಖುಷಿ ಕೊಟ್ಟ ಭಾಗ. ಲೆಕ್ಕ ಅಂದ್ರೆ ಆಗದವರು ಮುಂದಿನ ನಕ್ಷತ್ರದ ಸಾಲಿಗೆ ಹಾರಬಹುದು.

ಗಾಡಿಯ ಮುಂದಿನ ಟೈರು 245/45 ಆರ್ 20, ಹಿಂದಿನದು 275/40 ಆರ್ 20. ಮೊದಲ ಸಂಖ್ಯೆ ಟೈರಿನ ಅಗಲ ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಮುಂದಿನ ಟೈರಿನ ಗೋಡೆ 110.25 ಮಿಲಿಮೀಟರ್, ಮೇಲೊಂದು ಕೆಳಗೊಂದು ಅಂತ ಎರಡು ಸಲ ಸೇರಿಸಿ, 20 ಇಂಚಿನ 508 ಮಿಲಿಮೀಟರ್ ಕೂಡಿಸಿದರೆ ಒಟ್ಟು ಎತ್ತರ 728.5. ಹಿಂದಿನ ಟೈರು ಅಗಲ ಜಾಸ್ತಿ, ಆದರೂ ಎತ್ತರ 728. ಎರಡೂ ಹೆಚ್ಚುಕಡಿಮೆ ಒಂದೇ. ಆಲ್-ವೀಲ್ ಡ್ರೈವ್ ಗಾಡಿಗೆ ಇದು ಮುಖ್ಯ. ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ಎತ್ತರ ಇದ್ದರೆ ಒಂದು ಕಿಲೋಮೀಟರಿಗೆ ಸುತ್ತೋ ಸಂಖ್ಯೆ ಬೇರೆ ಆಗುತ್ತೆ, ಮಧ್ಯದಲ್ಲಿರೋ ಟ್ರಾನ್ಸ್‌ಫರ್ ಕೇಸು ಬಿಡುವಿಲ್ಲದೆ ಒದ್ದಾಡುತ್ತೆ. ಹಾಗಾಗಿ ಈ ಗಾಡಿಗಳಲ್ಲಿ ಎರಡೇ ಟೈರು ಬದಲಾಯಿಸಿ ದುಡ್ಡು ಉಳಿಸೋ ಯೋಚನೆ ಬೇಡ, ನಾಲ್ಕೂ ಒಟ್ಟಿಗೇ.

ಇದೇ ಗಾಡಿಗೆ 19 ಇಂಚಿನ ಅಳತೆಯೂ ಇದೆ: 245/50 ಆರ್ 19. ಲೆಕ್ಕ ಹಾಕಿ ನೋಡಿ, ಗೋಡೆ 122.5, ಎರಡು ಸಲ 245, ರಿಮ್ಮು 482.6, ಒಟ್ಟು 727.6. ಒಂದು ಮಿಲಿಮೀಟರಿನಷ್ಟೂ ವ್ಯತ್ಯಾಸ ಇಲ್ಲ! ಸ್ಪೀಡಾಮೀಟರಿಗೆ ಗೊತ್ತೇ ಆಗೋದಿಲ್ಲ. ಆದರೆ ಲಾಭ ನೋಡಿ. ಒಂದು, ರಿಮ್ಮು ಚಿಕ್ಕದಾಗಿ ರಬ್ಬರಿನ ಗೋಡೆ ಸುಮಾರು 12 ಮಿಲಿಮೀಟರ್ ಜಾಸ್ತಿ ಆಯ್ತು. ಮಾರ್ಚಿನಲ್ಲಿ ಹಿಮ ಕರಗಿ ಬಾಯಿಬಿಡೋ ಗುಂಡಿಗಳಲ್ಲಿ ರಿಮ್ಮು ಬೆಂಡಾಗೋದನ್ನ ತಪ್ಪಿಸೋಕೆ ಅದು ಬಹಳ ದೊಡ್ಡ ಸಹಾಯ. ಎರಡು, ಹಿಂದಿನ 275ರ ಬದಲು 245. ಅಗಲ ಟೈರು ಹಿಮದ ಮೇಲೆ ದೋಣಿಯ ಹಾಗೆ ತೇಲೋಕೆ ನೋಡುತ್ತೆ, ಕಿರಿದಾದ ಟೈರು ಕೊಯ್ಕೊಂಡು ಕೆಳಗೆ ಇಳಿಯುತ್ತೆ. ಮೂರು, ನಾಲ್ಕೂ ಒಂದೇ ಅಳತೆ. ಮುಂದಿನದು ಹಿಂದೆ, ಹಿಂದಿನದು ಮುಂದೆ ಅಂತ ಅದಲುಬದಲು ಮಾಡಿ ಸಮನಾಗಿ ಸವೆಸಬಹುದು. ಮುಂದೊಂದು ಅಳತೆ ಹಿಂದೊಂದು ಅಳತೆ ಇದ್ದರೆ ಅದು ಆಗಲ್ಲ. ನಾಲ್ಕು, ಬೆಲೆ ಕಡಿಮೆ.

ಇನ್ನೂ ಕೆಳಗೆ, 18 ಇಂಚಿಗೂ ಇಳಿಯಬಹುದಿತ್ತು. 225/60 ಆರ್ 18, ಎತ್ತರ 727.2, ಲೆಕ್ಕ ಅಲ್ಲೂ ಸರಿ. ಆದರೆ ಎಂ40ಐ ಗಾಡಿಗೆ ಬ್ರೇಕು ದೊಡ್ಡದು. ರಿಮ್ಮಿನ ಒಳಗೆ ಬ್ರೇಕಿನ ಕ್ಯಾಲಿಪರ್ ಕೂರಬೇಕಲ್ಲ, ಅದು ಒಂದೊಂದು ರಿಮ್ಮಿನ ಒಳ ಆಕಾರದ ಮೇಲೆ ಹೋಗುತ್ತೆ. ಹಾಗಾಗಿ 19ಕ್ಕೇ ನಿಂತೆ.

ಟೈರಿನ ಮೇಲೆ 105 ಅಂತ ಇನ್ನೊಂದು ಸಂಖ್ಯೆ ಇರುತ್ತೆ, ಅದು ಭಾರದ್ದು. 105 ಅಂದ್ರೆ ಒಂದು ಟೈರು 925 ಕಿಲೋ ಹೊರುತ್ತೆ. ಚಳಿಗಾಲದ ಟೈರಿಗೆ ವೇಗದ ಅಕ್ಷರ ಒಂದೆರಡು ಮೆಟ್ಟಿಲು ಕೆಳಗಿದ್ದರೂ ನಡೆಯುತ್ತೆ, ಭಾರದ ಸಂಖ್ಯೆ ಮಾತ್ರ ಗಾಡಿಗೆ ಹೇಳಿದ್ದಕ್ಕಿಂತ ಕಡಿಮೆ ಇರಬಾರದು.

*

ಟೈರೊಂದನ್ನೇ ತಗೊಂಡು ಪ್ರತಿ ಸಲ ಇದ್ದ ರಿಮ್ಮಿನಿಂದ ಬಿಚ್ಚಿ ಹಾಕಿಸಬಹುದು. ಆದರೆ ವರ್ಷಕ್ಕೆ ಎರಡು ಸಲ ಅಂಗಡಿಗೆ ದುಡ್ಡು, ಟೈರಿನ ಅಂಚಿಗೆ ಪೆಟ್ಟು, ಮೊದಲ ಹಿಮ ಬಿದ್ದ ವಾರ ಊರಿಗೆ ಊರೇ ಟೈರ್ ಅಂಗಡಿಯ ಮುಂದೆ ಸಾಲು. ಇನ್ನೊಂದು ಜೊತೆ ರಿಮ್ಮೇ ತಗೊಂಡರೆ ಮನೆಯಲ್ಲೇ ಜಾಕು ಹಾಕಿ ಒಂದು ಗಂಟೆಯಲ್ಲಿ ಬದಲಾಯಿಸಬಹುದು. ಮೇಲಾಗಿ, ಎರಡು ಜೊತೆ ಇದ್ದರೆ ಒಂದು ಓಡುವಾಗ ಇನ್ನೊಂದು ಸವೆಯೋದಿಲ್ಲ.

ರಿಮ್ಮಿನ ವಿಷಯದಲ್ಲಿ ನೋಡಬೇಕಾದ್ದು: ಬೋಲ್ಟಿನ ಸುತ್ತಳತೆ, ಮಧ್ಯದ ತೂತು, ಆಫ್‌ಸೆಟ್, ಬೋಲ್ಟು. ಹಳೆಯ ಬಿಎಂಡಬ್ಲ್ಯುಗಳಲ್ಲಿ ಐದು ಬೋಲ್ಟು 120 ಮಿಲಿಮೀಟರಿನ ವೃತ್ತದಲ್ಲಿ ಇರ್ತಿದ್ದವು. ಈ ಗಾಡಿಯಲ್ಲಿ 112. ಹಳೇ ಎಕ್ಸ್3ರ ರಿಮ್ಮು ಯಾರೋ ಸೋವಿಗೆ ಮಾರ್ತಾರೆ ಅಂತ ತಂದರೆ ಕೂರೋದಿಲ್ಲ. ತಮಾಷೆ ಅಂದ್ರೆ ಆಡಿಯ ಎಷ್ಟೋ ಗಾಡಿಗಳ ರಿಮ್ಮೂ 112ರದ್ದೇ, ಮಧ್ಯದ ತೂತೂ ಹತ್ತಿರ ಹತ್ತಿರ ಅಷ್ಟೇ. ಆದರೆ ಆಡಿಯ ಬೋಲ್ಟಿನ ತಲೆಯ ಕೆಳಭಾಗ ಗೋಲಿಯ ಹಾಗೆ ದುಂಡಗೆ, ಬಿಎಂಡಬ್ಲ್ಯುದು ಬುಗುರಿಯ ಹಾಗೆ ಮೊನಚು. ಬೋಲ್ಟಿನ ಮರೆಗಳೂ ಬೇರೆ. ಒಂದರ ಬೋಲ್ಟು ಇನ್ನೊಂದರ ರಿಮ್ಮಿಗೆ ಹಾಕಿದರೆ ಬಿಗಿಯಾದ ಹಾಗೆ ಕಾಣುತ್ತೆ, ಬಿಗಿಯಾಗಿರೋದಿಲ್ಲ. ಇದು ಆಟ ಆಡೋ ವಿಷಯ ಅಲ್ಲ. ಹೊರಗಿನ ಕಂಪನಿಯ ರಿಮ್ಮು ತಗೊಂಡರೆ ಮಧ್ಯದ ತೂತು ದೊಡ್ಡದಿದ್ದರೆ ಅದಕ್ಕೊಂದು ಬಳೆ ಹಾಕಬೇಕು, ಇಲ್ಲದಿದ್ದರೆ ಸ್ಟೀರಿಂಗು ನಡುಗುತ್ತೆ.

ನಾನು ಹುಡುಕಿ ತಗೊಂಡಿದ್ದು ಇದೇ ಗಾಡಿಗೆ ಬಂದಿದ್ದ, ಯಾರೋ ಬಿಚ್ಚಿ ಮಾರಿದ ಏಳೂವರೆ ಇಂಚು ಅಗಲದ ಬೆಳ್ಳಿ ಬಣ್ಣದ ರಿಮ್ಮು. ಬೆಳ್ಳಿ ಬಣ್ಣ ಯಾಕೆ ಅಂದ್ರೆ, ಮುಖವನ್ನ ತೋರಣೆ ಹಿಡಿದು ಮಿನುಗಿಸಿದ ರಿಮ್ಮುಗಳಿಗೆ ಒಂದು ಕಲ್ಲು ತಾಗಿದರೆ ಸಾಕು, ರಸ್ತೆಯ ಉಪ್ಪುನೀರು ಮೇಲಿನ ಪದರದ ಕೆಳಗೆ ನುಗ್ಗಿ ಬಿಳಿ ಗೆದ್ದಲು ಹಿಡಿದ ಹಾಗೆ ಗೆರೆ ಗೆರೆ ತಿನ್ನುತ್ತೆ. ಪೂರ್ತಿ ಪೇಂಟ್ ಮಾಡಿದ್ದು ಗಟ್ಟಿ, ಕೆಟ್ಟರೂ ಅಗ್ಗದಲ್ಲಿ ಸರಿಮಾಡಿಸಬಹುದು.

ನನ್ನ ಕಣ್ಣಿದ್ದದ್ದು ಬೇರೆ ಕಡೆ. ಒಂದು ಅಂಗಡಿಯಲ್ಲಿ ಕಪ್ಪು ಬಣ್ಣದ 20 ಇಂಚಿನ ಜೊತೆ ಇತ್ತು, ಹಿಂದೆ ಅಗಲ ಮುಂದೆ ಕಿರಿದು, ಬೂದು ಬಣ್ಣದ ಗಾಡಿಗೆ ಹೇಳಿ ಮಾಡಿಸಿದ ಹಾಗೆ. ಟೈರು ಸೇರಿ 3,500 ಡಾಲರ್. ಅಂಗಡಿಯವನು, ಸಾರ್, ಇಂಥ ಗಾಡಿಗೆ ಸಣ್ಣ ಚಕ್ರ ಹಾಕಿದರೆ ಕುದುರೆಗೆ ಕತ್ತೆ ಲಾಳ ಹೊಡೆದ ಹಾಗೆ ಅನ್ನೋ ಅರ್ಥದ ಮಾತಾಡಿದ. 19ರ ಲೆಕ್ಕ ಹೀಗಿತ್ತು: ರಿಮ್ಮು, ಟೈರು, ಗಾಳಿಯ ಒತ್ತಡ ಹೇಳೋ ನಾಲ್ಕು ಸೆನ್ಸರು, ಕೂರಿಸೋ ಖರ್ಚು ಎಲ್ಲ ಸೇರಿ ಸುಮಾರು 2,200. ಎರಡೂ ಚೀಟಿಗಳನ್ನ ಡೈನಿಂಗ್ ಟೇಬಲ್ ಮೇಲೆ ಇಟ್ಟು ಅವಳಿಗೆ ತೋರಿಸಿದೆ.

"ಇದರಲ್ಲಿ ಯಾವುದು ಬೇಗ ನಿಲ್ಲುತ್ತೆ ರೀ?" ಅಂದಳು.

"ಹಿಮದಲ್ಲಿ ಆದ್ರೆ ಸಣ್ಣದು."

"ಅಗ್ಗ ಯಾವುದು?"

"ಅದೂ ಸಣ್ಣದೇ."

"ಮತ್ತೆ ಈ ಇನ್ನೊಂದು ಚೀಟಿ ಯಾಕೆ ತೋರಿಸ್ತಿದೀರಿ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ :-) ಆಮೇಲೆ ಅವಳೇ ನಗುತ್ತಾ, "ಏಪ್ರಿಲ್‌ನಲ್ಲಿ ನಿಮ್ಮ ದೊಡ್ಡ ಚಕ್ರ ಹಾಕ್ಕೊಂಡು ನೀವೇ ಓಡಿಸಿ. ಚಳಿಗಾಲದಲ್ಲಿ ಗಾಡಿ ನಂದು" ಅಂದಳು. ರಾಜಿ ಅಂದ್ರೆ ಇದು. ಆರು ತಿಂಗಳು ಅವಳದು, ಆರು ತಿಂಗಳು ನನ್ನದು, ಒಂದೇ ಗಾಡಿ ಎರಡು ಜೊತೆ ಚಪ್ಪಲಿ.

2,200 ಕಡಿಮೆ ದುಡ್ಡೇನಲ್ಲ. ಆ ವರ್ಷ ಊರಿಗೆ ಹೋಗೋ ಯೋಚನೆಯನ್ನ ಮುಂದಕ್ಕೆ ಹಾಕಿದ್ದಕ್ಕೆ ಇದೂ ಒಂದು ಕಾರಣ. ಆದರೆ ನಮ್ಮ ಇನ್ಶೂರೆನ್ಸ್‌ನಲ್ಲಿ ಒಂದು ಸಲ ಗಾಡಿ ಹಳ್ಳಕ್ಕೆ ಇಳಿದರೆ ಮೊದಲ ಸಾವಿರ ಡಾಲರ್ ನಮ್ಮ ಜೇಬಿನಿಂದಲೇ. ಗಾಡಿಯ ಒಳಗಿರೋರಿಗೆ ಯಾವ ಇನ್ಶೂರೆನ್ಸ್ ಬೆಲೆ ಕಟ್ಟುತ್ತೆ?

*

ನವೆಂಬರ್ ಮೊದಲ ಶನಿವಾರ ನಾನೂ ಮಗನೂ ಗರಾಜಿನಲ್ಲಿ ಕೂತು ಬದಲಾಯಿಸಿದೆವು. ಬೋಲ್ಟುಗಳನ್ನ ಕಾಲಲ್ಲಿ ಒದ್ದು ಬಿಗಿ ಮಾಡಬಾರದು, ಟಾರ್ಕ್ ಪಾನಾ ಅಂತ ಬರುತ್ತೆ, ಅದರಲ್ಲಿ 140 ನ್ಯೂಟನ್ ಮೀಟರ್‌ಗೆ, ನಕ್ಷತ್ರದ ಆಕಾರದಲ್ಲಿ ಒಂದು ಬಿಟ್ಟು ಒಂದು. ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ನೋಡಬೇಕು. ಬಿಚ್ಚಿದ ಚಕ್ರಗಳ ಮೇಲೆ ಮಗ ಸೀಮೆಸುಣ್ಣದಲ್ಲಿ ಎಡ ಮುಂದೆ, ಬಲ ಹಿಂದೆ ಅಂತ ಕನ್ನಡದಲ್ಲಿ ಬರೆದ. ಬಲ ಅಂತ ಬರೆಯೋಕೆ ಹೋಗಿ 'ಬಳ' ಅಂತ ಬರೆದ, ಇರಲಿ ಬಿಡಿ. ಸಮ್ಮರ್ ಟೈರುಗಳು ಗರಾಜಿನ ಚಳಿಗೆ ಬಿರುಕು ಬಿಡಬಾರದು ಅಂತ ಬೆಚ್ಚಗಿನ ಬೇಸ್‌ಮೆಂಟಿಗೆ ಹೊತ್ತು ಹಾಕಿದೆವು.

ಹೊಸ ಟೈರುಗಳು ರನ್-ಫ್ಲಾಟ್ ಅಲ್ಲ. ಮೊದಲಿದ್ದವು ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥವು, ಗಾಡಿಯಲ್ಲಿ ಸ್ಟೆಪ್ನಿಗೆ ಜಾಗವೇ ಇಲ್ಲ. ಹಾಗಾಗಿ ಡಿಕ್ಕಿಯಲ್ಲಿ ಗಾಳಿ ಹೊಡೆಯೋ ಸಣ್ಣ ಪಂಪು, ಪಂಕ್ಚರ್ ಹಾಕೋ ಸಾಮಾನು, ಒಂದು ಕಂಬಳಿ, ಸಲಿಕೆ, ಟಾರ್ಚು ಇಟ್ಟೆ. ಗಾಳಿ ಅಂದಾಗ ನೆನಪಾಯ್ತು: ಚಳಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನಲ್ಲಿ ಸುಮಾರು ಒಂದು ಪೌಂಡ್ ಒತ್ತಡ ಇಳಿಯುತ್ತೆ. ಗರಾಜಿನಲ್ಲಿ ಸರಿ ಇದ್ದದ್ದು ಆಸ್ಪತ್ರೆಯ ಬಯಲಿನಲ್ಲಿ ಹನ್ನೆರಡು ಗಂಟೆ ನಿಂತ ಮೇಲೆ ಸರಿ ಇರೋದಿಲ್ಲ. ತಿಂಗಳಿಗೊಮ್ಮೆಯಾದರೂ ನೋಡ್ಕೊಳ್ಳಿ.

ಮೊದಲ ಹಿಮ ಬಿದ್ದ ಭಾನುವಾರ ಖಾಲಿ ಪಾರ್ಕಿಂಗ್ ಜಾಗಕ್ಕೆ ಎರಡೂ ಗಾಡಿ ತಗೊಂಡು ಹೋದೆವು. ಒಂದು ದೀಪದ ಕಂಬದ ಹತ್ತಿರ ಬಂದ ತಕ್ಷಣ, 20 ಮೈಲಿ ವೇಗದಲ್ಲಿ, ಬ್ರೇಕು ಪೂರ್ತಿ ಒತ್ತೋದು. ಆಲ್-ಸೀಸನ್ ಇದ್ದ ನಮ್ಮ ಇನ್ನೊಂದು ಗಾಡಿ, ಹಗುರ ಇದ್ದರೂ, ಎಕ್ಸ್3 ನಿಂತ ಜಾಗ ದಾಟಿ ಇನ್ನೂ ಒಂದೂವರೆ ಗಾಡಿಯಷ್ಟು ಉದ್ದ ಜಾರಿಕೊಂಡು ಹೋಗಿ ನಿಂತಿತು. ನಾಲ್ಕು ಸಲ ಮಾಡಿದ್ರೂ ಹೆಚ್ಚುಕಡಿಮೆ ಅಷ್ಟೇ. ಅವಳು ಹತ್ತು ಸಲ ಬ್ರೇಕು ಒತ್ತಿ, ಕಾಲಿನ ಕೆಳಗೆ ಪೆಡಲು ಗಡಗಡ ಅನ್ನೋದನ್ನ ಅಭ್ಯಾಸ ಮಾಡ್ಕೊಂಡಳು. ಆ ಗಡಗಡಕ್ಕೆ ಹೆದರಿ ಕಾಲು ತೆಗೆಯೋರೇ ಜಾಸ್ತಿ, ತೆಗೀಬಾರದು.

*

ಚಳಿಗಾಲ ಹೇಗೆ ಕಳೀತು ಅಂತ ಕೇಳ್ತೀರಾ? ಯಾವ ಸಾಹಸವೂ ನಡೆಯಲಿಲ್ಲ, ಅದೇ ದೊಡ್ಡ ಸುದ್ದಿ. ಒಂದು ದಿನ ಮಾಂಟಿಸೆಲೋ ದಾಟಿದ ಮೇಲೆ ಮುಂದೆ ಹೋಗ್ತಿದ್ದ ಪಿಕಪ್ಪೊಂದು ಅಡ್ಡ ತಿರುಗಿ ಮಧ್ಯದ ಹಳ್ಳಕ್ಕೆ ಇಳಿಯಿತಂತೆ. ಇವಳು ಬ್ರೇಕು ಒತ್ತಿದಳು, ಗಾಡಿ ನೇರವಾಗಿ ನಿಂತಿತು, 911ಕ್ಕೆ ಫೋನ್ ಮಾಡಿದಳು, ಡ್ಯೂಟಿಗೆ ಹೋದಳು. ಪಿಕಪ್ಪಿನವನಿಗೂ ಏನೂ ಆಗಿರಲಿಲ್ಲ. ಸಂಜೆ ಬಂದು ಊಟ ಮಾಡುವಾಗ ಉಪ್ಪಿನಕಾಯಿ ಕೊಡಿ ಅನ್ನೋ ಧ್ವನಿಯಲ್ಲಿ ಹೇಳಿದಳು. ನನಗೆ ಅನ್ನ ಗಂಟಲಲ್ಲಿ ನಿಂತಿತು.

ಇನ್ನೊಂದು ದಿನದ ವಿಷಯ ನನಗೆ ಇದಕ್ಕಿಂತ ಮುಖ್ಯ. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಮೊದಲು ಮಳೆ, ಅದರ ಮೇಲೆ ಹಿಮ. ಆಲ್ಬರ್ಟ್‌ವಿಲ್ ತನಕ ಹೋದವಳು ಅಲ್ಲೇ ಎಕ್ಸಿಟ್ ತಗೊಂಡು, ಆಸ್ಪತ್ರೆಗೆ ಫೋನ್ ಮಾಡಿ, ವಾಪಸ್ಸು ಬಂದಳು. ಹೊಸ ಕೆಲಸ, ರಜೆ ಹೇಳೋಕೆ ಹಿಂಜರಿಕೆ ಇದ್ದೇ ಇರುತ್ತೆ. "ಟೈರು ಚೆನ್ನಾಗಿದೆ ರೀ. ಆದ್ರೆ ಪಕ್ಕದಲ್ಲಿ ಬರೋ ಟ್ರಕ್ಕಿನ ಟೈರು ಹೇಗಿದೆಯೋ ನನಗೇನು ಗೊತ್ತು?" ಅಂದಳು. ಅಂಗಡಿಯವರು ಯಾರೂ ಹೇಳದ ಮಾತು ಅದು. ಒಳ್ಳೆ ಟೈರು ನಿಮಗೆ ಇನ್ನಷ್ಟು ಜಾಗ, ಇನ್ನೊಂದೆರಡು ಸೆಕೆಂಡ್ ಕೊಡುತ್ತೆ. ಹೋಗಬೇಕೋ ಬೇಡವೋ ಅನ್ನೋ ಬುದ್ಧಿ ನಿಮ್ಮದೇ ಆಗಿರಬೇಕು.

ಈಗ ಟೈರು ಎರಡನೇ ಚಳಿಗಾಲಕ್ಕೆ ಕಾಯ್ತಿದೆ. ಕಾನೂನು 2/32 ಇಂಚು ಆಳ ಇದ್ದರೆ ಸಾಕು ಅನ್ನುತ್ತೆ, ಹಿಮಕ್ಕೆ 6/32 ಇಂಚಿಗಿಂತ ಕಡಿಮೆ ಆದರೆ ಬದಲಾಯಿಸೋದು ವಾಸಿ. ನಮ್ಮದರಲ್ಲಿ ಇನ್ನೂ ಬೇಕಾದಷ್ಟಿದೆ. ಎಂ40ಐ ಬರೋದು ನಿಂತು ಅದರ ಜಾಗಕ್ಕೆ ಎಂ50 ಬಂದಿದೆ, ಮಗ ಆಗಲೇ ಅದರ ಫೋಟೋ ತೋರಿಸ್ತಿದಾನೆ. ನಾನು ಮಾತು ಮರೆಸ್ತೀನಿ.

ಟೊರಾಂಟೋ, ಮಾಂಟ್ರಿಯಲ್, ಮ್ಯೂನಿಕ್ ಕಡೆ ಇರೋ ಗೆಳೆಯರೇ, ನಿಮ್ಮ ಗಾಡಿಗೆ ಏನು ಹಾಕ್ತೀರಿ, ಯಾಕೆ ಹಾಕ್ತೀರಿ ಅಂತ ಬರೀರಿ. ಹಿಮಾಚಲದ ಕಡೆ ಬಾಡಿಗೆ ಗಾಡಿ ತಗೊಂಡು ಹೋಗೋ ಬೆಂಗಳೂರಿನವರು ಹೊರಡೋ ಮುಂಚೆ ಟೈರಿನ ಪಕ್ಕ ಬೆಟ್ಟದ ಗುರುತು ಇದೆಯಾ ಅಂತ ಒಮ್ಮೆ ಬಗ್ಗಿ ನೋಡಿ.

ನಾನಂತೂ ಡ್ಯೂಟಿ ಇರೋ ಬೆಳಿಗ್ಗೆ ಆರೂಮುಕ್ಕಾಲರ ತನಕ ಫೋನು ಕೈಯಲ್ಲೇ ಹಿಡ್ಕೊಂಡು ಕೂತಿರ್ತೀನಿ. 'ತಲುಪಿದೆ' ಅಂತ ಒಂದೇ ಪದ ಬರುತ್ತೆ. ಆಮೇಲೆ ಕಾಫಿಗೆ ಹಾಲು ಇಡ್ತೀನಿ.